ನಿಮ್ಮನ್ನು ನೋಡಿ ಎದ್ದು ನಿಂತ ಹಕ್ಕಿಗಳ ಬಗ್ಗೆ

ಕರಾವಳಿ ಪರಿಸರ ಇಲಾಖೆಯ ಮಾನ್ಯ ನಿರ್ದೇಶಕರೇ,

ಬರುವ ಭಾನುವಾರ ಬೆಳಿಗ್ಗೆ ತಾವು ಬಂದರಿನ ಕಟ್ಟೆಯ ಮೇಲೆ ಶಾಮಿಯಾನ ಹಾಕಿಸಿ, ಬ್ಯಾಂಡಿನವರನ್ನು ಕರೆಸಿ, ಎಣ್ಣೆಯಲ್ಲಿ ಸಿಕ್ಕು ಬದುಕುಳಿದ ಹಕ್ಕಿಗಳನ್ನು ತಮ್ಮ ಅಮೃತಹಸ್ತದಿಂದ ಕಡಲಿಗೆ ಬಿಡಲಿದ್ದೀರಿ ಎಂದು ಪತ್ರಿಕೆಯಲ್ಲಿ ಓದಿದೆ. ದಯವಿಟ್ಟು ಬಿಡಬೇಡಿ. ಅವು ಮುಳುಗುತ್ತವೆ. ನನ್ನ ಅಹವಾಲು ಇಷ್ಟೇ. ಅವಸರದಲ್ಲಿದ್ದರೆ ಪತ್ರವನ್ನು ಇಲ್ಲಿಗೇ ಮಡಚಿಟ್ಟು ಶಾಮಿಯಾನದವನಿಗೆ ಫೋನ್ ಮಾಡಿ ಬೇಡ ಎಂದುಬಿಡಿ. ಅವಸರವಿಲ್ಲದಿದ್ದರೆ ಮುಂದೆ ಓದಿ. ನನಗಂತೂ ಅವಸರವಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನಗೆ ‘ಸಾಕು, ಮುಗಿಸಿ’ ಎನ್ನುವವರು ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಮಾತು ಅತ್ತಿತ್ತ ಹೋದರೆ ತಾಳಿಕೊಳ್ಳಬೇಕು.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ, ಆದರೆ ನನ್ನ ಅಂಗಿಗೆ ಬ್ಯಾಡ್ಜು ಚುಚ್ಚಿದ್ದು ತಾವೇ. ಸ್ವಲ್ಪ ಚರ್ಮಕ್ಕೂ ಚುಚ್ಚಿತು, ಇರಲಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಲಾಂಡ್ರಿ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವನು ಲಾಂಡ್ರಿಗೆ ಹೇಗೆ ಬಂದ ಎಂದು ಕೇಳುವವರಿದ್ದಾರೆ. ಅದು ನನ್ನ ಮಾವನ ಲಾಂಡ್ರಿ, ಮತ್ತು ಮಾವನಿಗೆ ಒಬ್ಬ ಮಗಳಿದ್ದಳು. ಓದಿದ್ದರಲ್ಲಿ ಈಗ ಉಳಿದಿರುವುದು ಅರ್ಜಿ ಬರೆಯುವ ಪಾಠವೊಂದೇ. ‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಬೇಕು, ‘ಫಾರ್ ವಿಚ್ ಆ್ಯಕ್ಟ್ ಆಫ್ ಕೈಂಡ್‌ನೆಸ್’ ಎಂದು ಮುಗಿಸಬೇಕು. ನಡುವೆ ಏನು ಬರೆಯಬೇಕೆಂಬುದು ಮರೆತುಹೋಗಿದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಮಾತು. ‘ತಾವು’ ‘ತಾವು’ ಎಂದು ಬರೆಯುತ್ತಾ ಹೋದರೆ ನನ್ನ ಸಿಟ್ಟು ಕರಗಿಬಿಡುತ್ತದೆ. ಅದು ಕರಗುವುದು ನನಗೆ ಬೇಕಿಲ್ಲ. ಇನ್ನು ಮುಂದೆ ‘ನೀವು’ ಎನ್ನುತ್ತೇನೆ.

ಕಥೆ ನಿಮ್ಮ ಕಚೇರಿಯಿಂದಲೇ ಶುರುವಾಗುತ್ತದೆ. ಎಣ್ಣೆ ಹಡಗುಗಳು ಹೆಚ್ಚಾಗಿವೆ, ಎಂದಾದರೂ ಒಂದು ದಿನ ಎಣ್ಣೆ ಚೆಲ್ಲೀತು, ಆಗ ಕಡಲಿನ ಪ್ರಾಣಿ ಪಕ್ಷಿಗಳನ್ನು ಉಳಿಸಲು ಜನರನ್ನು ತಯಾರು ಮಾಡಿಡಬೇಕು ಎಂದು ಮೇಲಿನಿಂದ ನಿಮಗೆ ಸೂಚನೆ ಬಂತು. ಒಳ್ಳೆಯ ಸೂಚನೆ. ಈ ಕೆಲಸವನ್ನೇ ಓದಿ, ಬೇರೆ ಬೇರೆ ಕಡಲತೀರಗಳಲ್ಲಿ ಮಾಡಿ ಬಂದ ಪಶುವೈದ್ಯೆಯೊಬ್ಬರನ್ನು ನೀವು ಗುತ್ತಿಗೆಯ ಮೇಲೆ ತೆಗೆದುಕೊಂಡಿರಿ. ಅದೂ ಒಳ್ಳೆಯದೇ. ಅವರು ಒಂದು ವಾರದ ತರಬೇತಿ, ನೀರು ಚೆಲ್ಲಬಹುದಾದ ಜಾಗ, ಪ್ರಾಣಿಗಳ ಜೊತೆ ಒಡನಾಡಿ ಅಭ್ಯಾಸವಿರುವ ಜನ, ಇಷ್ಟು ಕೇಳಿದರು. ಆಮೇಲೆ ನಿಮ್ಮ ಕಚೇರಿಯ ಮೆದುಳು ಕೆಲಸ ಶುರು ಮಾಡಿತು. ಎಣ್ಣೆ ಅಂದರೆ ಜಿಡ್ಡು. ಜಿಡ್ಡು ಅಂದರೆ ತೊಳೆಯುವುದು. ಊರಿನಲ್ಲಿ ತೊಳೆಯುವವರು ಯಾರು ಯಾರಿದ್ದಾರೆ, ಕರೆಯಿರಿ ಅವರನ್ನು.

ಹೀಗೆ ಒಂದು ಬೆಳಿಗ್ಗೆ ನಿಮ್ಮ ಕಚೇರಿಯ ನಾಲ್ಕನೇ ಮಹಡಿಯ ಸಭಾಂಗಣದಲ್ಲಿ ಊರಿನ ಲಾಂಡ್ರಿಯವರು, ಕಾರು ತೊಳೆಯುವವರು, ಬ್ಯೂಟಿ ಪಾರ್ಲರಿನವರು, ಹೋಟೆಲಿನ ಚಿಮಣಿ ಸ್ವಚ್ಛ ಮಾಡುವವರು, ಗಾಜು ಒರೆಸುವ ಗುತ್ತಿಗೆದಾರರು ಎಲ್ಲರೂ ಬಂದು ಕುಳಿತೆವು. ಹಕ್ಕಿ ಹಿಡಿದು ಗೊತ್ತಿದ್ದವರು, ಕೋಳಿ ಸಾಕಿದವರು, ಹೋಗಲಿ, ಮನೆಯಲ್ಲಿ ಬೆಕ್ಕಿದ್ದವರು ಕೂಡ ಅಲ್ಲಿ ಯಾರೂ ಇರಲಿಲ್ಲ. ನನ್ನ ನಾದಿನಿ, ಅಂದರೆ ನನ್ನ ಹೆಂಡತಿಯ ತಂಗಿ, ಪಾರ್ಲರ್ ನಡೆಸುತ್ತಾಳೆ. ಅವಳೂ ಬಂದಿದ್ದಳು.

“ಭಾವ, ನನ್ನನ್ನ ಯಾಕೆ ಕರೆದಿದ್ದಾರೆ ಇವರು?”

“ಶಾಂಪೂ ಹಾಕೋಕೆ ಇರಬೇಕಮ್ಮ.”

“ಯಾರಿಗೆ?”

ಗೋಡೆಯ ಮೇಲೆ ದೊಡ್ಡ ಬ್ಯಾನರು: ‘ಎಣ್ಣೆ ಬಾಧಿತ ವನ್ಯಜೀವಿಗಳನ್ನು ತೊಳೆಯುವ ತರಬೇತಿ’. ಬಾಗಿಲ ಮೇಲೆ ಸಣ್ಣ ಚೀಟಿ: ‘ಕಾರ್ಪೆಟ್ ಇರುವುದರಿಂದ ಒಳಗೆ ನೀರು ತರಬಾರದು’. ಆ ಬ್ಯಾನರನ್ನೂ ಆ ಚೀಟಿಯನ್ನೂ ಬರೆಸಿದವರು ಒಬ್ಬರೇ ಎಂದು ಆಮೇಲೆ ತಿಳಿಯಿತು. ಒಂದು ವಾರ ಕೇಳಿದ ಡಾಕ್ಟರಮ್ಮನಿಗೆ ನೀವು ಕೊಟ್ಟಿದ್ದು ಒಂದು ದಿನ, ಆ ದಿನದ ಬೆಳಗಿನ ಹೊತ್ತನ್ನು ಸ್ವಾಗತ, ಪ್ರಸ್ತಾವನೆ, ಅಧ್ಯಕ್ಷರ ಮಾತು, ಅಧ್ಯಕ್ಷರ ಮಾತಿಗೆ ವಂದನೆ ಇವೆಲ್ಲ ತಿಂದು ಹಾಕಿದವು. ಅಂತೂ ಅವರ ಸರದಿ ಬಂದಾಗ ಅಭ್ಯಾಸಕ್ಕೆಂದು ನಿಮ್ಮ ಸಹಾಯಕರು ತಂದುಕೊಟ್ಟಿದ್ದು ಮಕ್ಕಳು ಅಪ್ಪಿಕೊಂಡು ಮಲಗುವ ಬಟ್ಟೆಯ ಬಾತು. ಅದಕ್ಕೆ ಚಾಕೊಲೇಟ್ ಪಾಕ ಬಳಿದಿದ್ದರು.

ಕಾರು ತೊಳೆಯುವ ಅಂಗಡಿಯವನನ್ನು ಊರಿನಲ್ಲಿ ಎಲ್ಲರೂ ನೊರೆಯಣ್ಣ ಎನ್ನುತ್ತಾರೆ. ಅವನಿಗೆ ಕೊಳಕು ಕಂಡರೆ ಕೈ ಕಡಿಯುತ್ತದೆ. ನಮ್ಮೆಲ್ಲರದೂ ಅದೇ ರೋಗ ಅನ್ನಿ. ಕಲೆ ಕಂಡರೆ ಸುಮ್ಮನಿರಲಾಗದವರನ್ನೇ ಹುಡುಕಿ ಹುಡುಕಿ ಕರೆಸಿದ್ದಿರಲ್ಲ. ಡಾಕ್ಟರಮ್ಮ ಇನ್ನೂ ಮೈಕು ಸರಿಮಾಡಿಕೊಳ್ಳುತ್ತಿದ್ದರು, ಅಷ್ಟರಲ್ಲಿ ನೊರೆಯಣ್ಣ ಜೇಬಿನಿಂದ ಒಣ ನೊರೆಯ ಡಬ್ಬಿ ತೆಗೆದು, ಬಾತಿನ ಮೇಲೆ ಸಿಂಪಡಿಸಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ಮೇಜಿನ ಮೇಲಿಟ್ಟ.

“ಆಯ್ತು ಡಾಕ್ಟ್ರೇ, ನೋಡಿ. ಶೋರೂಮಿಂದ ಈಗ ತಂದ ಹಾಗಿದೆ.”

“ಚೆನ್ನಾಗಿ ಹೊಳೀತಿದೆ,” ಎಂದರು ಡಾಕ್ಟರಮ್ಮ. “ಆದ್ರೆ ಸತ್ತಿದೆ.”

“ಏನಂದ್ರಿ?”

“ನಿಮ್ಮ ಬಾತು ಸತ್ತು ಆಗ್ಲೇ ಸ್ವಲ್ಪ ಹೊತ್ತಾಯ್ತು. ನೀವು ಹೊಟ್ಟೆ ಉಜ್ಜುವಾಗ್ಲೇ ಹೋಯ್ತು.”

ನೊರೆಯಣ್ಣ ಬಾತನ್ನು ಮಗುಚಿ ನೋಡಿದ. “ಜೀವ ಇತ್ತು ಅಂತ ಮೊದಲೇ ಹೇಳಬಾರದಿತ್ತಾ?”

ಡಾಕ್ಟರಮ್ಮ ಅವತ್ತು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ನೀವು ಆಗ ಸಭಾಂಗಣದಲ್ಲಿರಲಿಲ್ಲ, ಅಧ್ಯಕ್ಷರನ್ನು ಲಿಫ್ಟಿನ ತನಕ ಬಿಡಲು ಹೋಗಿದ್ದಿರಿ. ಎಣ್ಣೆ ಮೆತ್ತಿದ ಹಕ್ಕಿಯ ಗರಿಗಳು ಅಂಟಿಕೊಂಡು ಮೈಯ ಬಿಸಿ ಸೋರಿಹೋಗುತ್ತದೆ. ಅದು ಕೊಕ್ಕಿನಿಂದ ಗರಿ ತಿದ್ದಿಕೊಳ್ಳಲು ಹೋಗಿ ಎಣ್ಣೆ ನುಂಗುತ್ತದೆ. ಹಸಿದಿರುತ್ತದೆ, ಬಾಯಾರಿರುತ್ತದೆ, ನಡುಗುತ್ತಿರುತ್ತದೆ. ಅಂಥದ್ದನ್ನು ತಂದ ತಕ್ಷಣ ತೊಳೆದರೆ ತೊಳೆಯುವ ಆಯಾಸಕ್ಕೇ ಪ್ರಾಣ ಬಿಡುತ್ತದೆ. ಮೊದಲು ಬೆಚ್ಚಗಿಡಬೇಕು, ಕೊಳವೆಯಲ್ಲಿ ನೀರು ಉಣಿಸಬೇಕು, ಕತ್ತಲಲ್ಲಿ, ಸದ್ದಿಲ್ಲದ ಕಡೆ ಬಿಡಬೇಕು. ಅದಕ್ಕೆ ತಡೆದುಕೊಳ್ಳುವ ಶಕ್ತಿ ಬಂದ ಮೇಲೆ, ಒಂದೆರಡು ದಿನವೋ ಇನ್ನೂ ಹೆಚ್ಚೋ, ಆಮೇಲೆ ತೊಳೆಯುವ ಮಾತು. ತೊಳೆದ ಮೇಲೂ ಮುಗಿಯಲಿಲ್ಲ. ಗರಿಯೊಳಗೆ ಸೋಪಿನ ಲವಲೇಶ ಉಳಿದರೂ ನೀರು ಒಳನುಗ್ಗುತ್ತದೆ. ಎಲ್ಲ ಹೋಗುವ ತನಕ ಜಾಲಿಸಬೇಕು, ಒಣಗಿಸಬೇಕು, ಗರಿಗಳನ್ನು ಅದೇ ತಿದ್ದಿ ತಿದ್ದಿ ಹೆಣೆದುಕೊಳ್ಳುವ ತನಕ ಕಾಯಬೇಕು.

“ಅಂದ್ರೆ ಮೊದಲು ಐಸಿಯು, ಆಮೇಲೆ ಪಾರ್ಲರ್,” ಎಂದಳು ನಾದಿನಿ.

“ಅಷ್ಟೇ,” ಎಂದರು ಡಾಕ್ಟರಮ್ಮ. ಅವತ್ತು ಅವರು ಮೊದಲ ಸಲ ನಕ್ಕಿದ್ದು.

ಆಗ ನೀವು ಒಳಗೆ ಬಂದಿರಿ. “ಏನಮ್ಮಾ, ತೊಳೆಯೋದು ಎಲ್ಲಿಗೆ ಬಂತು?” ಎಂದಿರಿ. “ಇನ್ನೂ ಶುರು ಮಾಡಿಲ್ಲ ಸರ್, ಮೊದಲು ಸುಮ್ಮನಿರೋದು ಕಲಿಸ್ತಿದ್ದೀನಿ,” ಎಂದರು ಅವರು. “ಸುಮ್ಮನಿರೋಕೆ ತರಬೇತಿ ಯಾಕೆ? ನಮ್ಮ ಕಚೇರೀಲಿ ಎಲ್ಲರಿಗೂ ಬರುತ್ತೆ,” ಎಂದಿರಿ ನೀವು. ಎಲ್ಲರೂ ನಕ್ಕರು. ನಾನೂ ನಕ್ಕೆ. ಜೋಕು ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದೇ ನಗುವಿನಲ್ಲಿ ಮಧ್ಯಾಹ್ನದ ತರಗತಿ ತೇಲಿಹೋಯಿತು. ಹಕ್ಕಿಯನ್ನು ಹೇಗೆ ಹಿಡಿಯಬೇಕು, ಕಣ್ಣಿಗೆ ಬಟ್ಟೆ ಹೇಗೆ ಮುಚ್ಚಬೇಕು, ದಡದಿಂದ ಹೇಗೆ ಸಾಗಿಸಬೇಕು, ಏನು ಮಾಡಲೇಬಾರದು, ಇವೆಲ್ಲ ಇದ್ದ ತರಗತಿ ಅದು. ಅದರ ಬದಲು ಗುಂಪು ಫೋಟೋ ಆಯಿತು. ನಮಗೆಲ್ಲ ‘ತರಬೇತಿ ಹೊಂದಿದ ವನ್ಯಜೀವಿ ಸ್ಪಂದಕ’ ಎಂಬ ಬ್ಯಾಡ್ಜು ಸಿಕ್ಕಿತು. ಒಂದು ಜೀವಂತ ಹಕ್ಕಿಯ ರೆಕ್ಕೆಯನ್ನೂ ಮುಟ್ಟದೆ ನಾವು ಸ್ಪಂದಕರಾದೆವು. ಈಜು ಕಲಿಸುವ ಮೇಷ್ಟ್ರು ಕೊಳಕ್ಕೆ ಇಳಿಸದೆ ಟವೆಲ್ಲು ಕೊಟ್ಟು ಕಳಿಸಿದ ಹಾಗಾಯಿತು.

ಆಮೇಲೆ ತಿಂಗಳು ಕಳೆಯುವ ಮೊದಲೇ ಹಡಗೊಂದು ಕಟ್ಟೆಗೆ ಉಜ್ಜಿ ಹೊಟ್ಟೆ ಸೀಳಿಕೊಂಡಿತು. ಡಾಂಬರಿನಂತೆ ದಪ್ಪನೆಯ ಕಪ್ಪು ಎಣ್ಣೆ ದಡಕ್ಕೆ ಬಂತು, ಅದರ ಜೊತೆ ಹಕ್ಕಿಗಳೂ ಬಂದವು. ನಮ್ಮ ಬ್ಯಾಡ್ಜಿನವರಲ್ಲಿ ಕೆಲವರು ಒಳ್ಳೆಯ ಮನಸ್ಸಿನಿಂದಲೇ ಬಕೆಟ್ಟು ಹಿಡಿದು ಓಡಿದರು. ಬೆಳಗಿನ ಭಾಷಣಗಳು ಸಾಕಾಗಿ ಹೊರಗೆ ಕಾಫಿ ಕುಡಿಯಲು ಹೋಗಿದ್ದರಿಂದ ಡಾಕ್ಟರಮ್ಮನ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಮಧ್ಯಾಹ್ನದ ತರಗತಿ ಯಾರ ಕಿವಿಗೂ ಬಿದ್ದಿರಲಿಲ್ಲ. ದಡದ ನಲ್ಲಿಯಲ್ಲೇ, ತಣ್ಣೀರಿನಲ್ಲೇ, ಹಕ್ಕಿಗಳನ್ನು ತಿಕ್ಕಿ ತೊಳೆದರು. ಬ್ಯಾನರು ಹೇಳಿದ್ದು ಅದನ್ನೇ ತಾನೇ? ಅಂಗೈಯಲ್ಲಿ ಬಿಳಿಯ ಹಕ್ಕಿಗಳನ್ನು ಇಟ್ಟುಕೊಂಡು ಡಾಕ್ಟರಮ್ಮನ ಜೊತೆಗಿದ್ದ ನಮ್ಮ ಬಳಿ ತಂದರು. ಹೊಳೆಯುತ್ತಿದ್ದವು. ಅವನ್ನು ಒಂದೊಂದಾಗಿ ನೋಡಿ ಡಾಕ್ಟರಮ್ಮ ಪಕ್ಕದ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಸಭಾಂಗಣದಲ್ಲಿ ಕಲಿಯಬೇಕಾದ್ದನ್ನು ನಾವು ಹಕ್ಕಿಗಳ ಪ್ರಾಣದ ಖರ್ಚಿನಲ್ಲಿ ಕಲಿತೆವು, ನಿರ್ದೇಶಕರೇ. ನಿಮ್ಮ ಕಾರ್ಪೆಟ್ಟು ಮಾತ್ರ ಒಣಗಿಯೇ ಇದೆ.

ಬಂದರಿನ ಹಳೆಯ ಗೋದಾಮನ್ನು ನಮಗೆ ಬಿಟ್ಟುಕೊಟ್ಟಿರಿ, ಅದಕ್ಕೆ ಕೃತಜ್ಞ. ಯಾರೂ ಬಂದು ತೆಗೆದುಕೊಳ್ಳದ ಹೋಟೆಲ್ ಚಾದರಗಳು ನನ್ನ ಲಾಂಡ್ರಿಯಲ್ಲಿ ರಾಶಿ ಬಿದ್ದಿದ್ದವು, ಅವನ್ನು ತಂದು ಪರದೆ ಕಟ್ಟಿದೆವು. ಒಂದು ಕಡೆ ತೊಳೆಯುವ ಮೊದಲೂ ಆಮೇಲೂ ಹಕ್ಕಿಗಳನ್ನಿಡುವ ಬೆಚ್ಚಗಿನ ಕೋಣೆ, ಒಂದು ಕಡೆ ತೊಳೆಯುವ ತೊಟ್ಟಿಗಳು, ಇನ್ನೊಂದು ಕಡೆ ತೇಲಿ ನೋಡುವ ಕೊಳ. ಕೊಳವೆಂದರೆ ಮಕ್ಕಳ ಪ್ಲಾಸ್ಟಿಕ್ ಈಜುಕೊಳ, ಅಂಚಿನಲ್ಲಿ ನಗುವ ಡಾಲ್ಫಿನ್ ಚಿತ್ರಗಳಿದ್ದದ್ದು. ಅಲ್ಲಿನ ಮೊದಲ ನಿಯಮ: ಮಾತಿಲ್ಲ. ಹಕ್ಕಿಯ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವಂತಿಲ್ಲ. ಮೈ ಸವರುವಂತಿಲ್ಲ. ನಾವು ಪ್ರೀತಿಯಿಂದ ಸವರಿದರೆ ಅದಕ್ಕೆ ಅದು ಪ್ರೀತಿಯಲ್ಲ, ತಿನ್ನುವ ಮೊದಲಿನ ಪರೀಕ್ಷೆ. ನೊರೆಯಣ್ಣ ಒಮ್ಮೆ ಪಿಸುಗುಟ್ಟಿದ, “ಡಾಕ್ಟ್ರೇ, ಆ ಮೂಲೇದಕ್ಕೆ ಒಂದು ಹೆಸರಿಡಲಾ?”

“ಬೇಡ. ಹೆಸರಿಟ್ರೆ ಕರೀತೀರಿ. ಕರೆದ್ರೆ ಅದು ನೋಡುತ್ತೆ. ನೋಡಿದ್ರೆ ಹೆದರುತ್ತೆ.”

“ಮನಸ್ಸಲ್ಲೇ ಕರೀತೀನಿ.”

“ಮನಸ್ಸಲ್ಲಿ ಏನು ಬೇಕಾದ್ರೂ ಮಾಡಿ.”

ನನ್ನ ನಾದಿನಿ ಬಾಯಿ ಮುಚ್ಚಿಕೊಂಡು ಒಂದು ಹೊತ್ತು ಕಳೆದಿದ್ದನ್ನು ನಾನು ಅವಳ ಅಕ್ಕನನ್ನು ಮದುವೆಯಾದಂದಿನಿಂದ ಕಂಡಿರಲಿಲ್ಲ. ಈ ಗೋದಾಮಿನಲ್ಲಿ ಕಂಡೆ. ಎಲ್ಲ ಮಾತನ್ನೂ ಕೂಡಿಟ್ಟುಕೊಂಡು ಸಂಜೆ ಹೊರಗೆ ಬಂದು ಗೇಟಿನ ಹತ್ತಿರ ಒಟ್ಟಿಗೇ ಆಡುತ್ತಿದ್ದಳು.

ಬೆಚ್ಚಗಿನ ಕೋಣೆಯ ಪರದೆಗೆ ಡಾಕ್ಟರಮ್ಮ ಕತ್ತರಿಯಿಂದ ಒಂದು ಸಣ್ಣ ಕಿಂಡಿ ಮಾಡಿದ್ದರು. ಹಕ್ಕಿಗಳ ಸ್ಥಿತಿ ನೋಡುವುದು ಆ ಕಿಂಡಿಯಿಂದ ಮಾತ್ರ. ಯಾಕೆಂದು ಕೇಳಿದೆ. “ನಾವು ಎದುರಿಗೆ ಹೋದ್ರೆ ಅವು ಸುಳ್ಳು ಹೇಳ್ತವೆ,” ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಕಾಡಿನದಾಗಲಿ ಕಡಲಿನದಾಗಲಿ, ನಿತ್ರಾಣವಾಗಿರುವ ಹಕ್ಕಿ ಅದನ್ನು ತೋರಿಸಿಕೊಂಡರೆ ಬೇಟೆಯಾಡುವವನು ಮೊದಲು ಅದನ್ನೇ ಆರಿಸುತ್ತಾನೆ. ಆದ್ದರಿಂದ ಯಾರಾದರೂ ನೋಡುತ್ತಿದ್ದಾರೆಂದರೆ ಅದು ಉಳಿದಿರುವ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಎದ್ದು ನಿಲ್ಲುತ್ತದೆ. ಕತ್ತು ನೆಟ್ಟಗೆ, ಕಣ್ಣು ಅರಳಿಸಿ, ‘ನನಗೇನೂ ಆಗಿಲ್ಲ’ ಎನ್ನುವ ಹಾಗೆ. ನೋಡುವವರು ಹೋದ ಮೇಲೆ ಕುಸಿಯುತ್ತದೆ. ಆ ನಾಟಕಕ್ಕೆ ಅದು ತೆರುವ ಬೆಲೆ, ಮೈಯಲ್ಲಿ ಉಳಿದಿರುವ ಕೊನೆಯ ಚೂರು ಕಸುವು. ಈ ಪಾಠವೂ ಆ ಮಧ್ಯಾಹ್ನದ ತರಗತಿಯಲ್ಲೇ ಇತ್ತಂತೆ.

ಈಗ ನಿಮ್ಮ ಭೇಟಿಗೆ ಬರೋಣ. ಮುಂಚೆ ತಿಳಿಸಿ ಬಂದಿದ್ದರೆ ನಾವು ನಿಮ್ಮನ್ನು ಕಿಂಡಿಯ ಬಳಿ ನಿಲ್ಲಿಸುತ್ತಿದ್ದೆವು. ನೀವು ಆಕಸ್ಮಿಕ ತಪಾಸಣೆಗೆ ಬಂದಿರಿ, ಜೊತೆಯಲ್ಲಿ ಸಹಾಯಕರು, ಇಬ್ಬರು ಕ್ಯಾಮೆರಾದವರು, ಇನ್ನೂ ಯಾರು ಯಾರೋ. ಆಕಸ್ಮಿಕಕ್ಕೆ ಕ್ಯಾಮೆರಾ ಮಾತ್ರ ಸಿದ್ಧವಾಗಿತ್ತು. ನಿಮ್ಮ ಬೂಟಿನ ಸದ್ದು ಗೋದಾಮಿನ ತಗಡಿನ ಮಾಡಿಗೆ ತಾಗಿ ವಾಪಸು ಬರುತ್ತಿತ್ತು. ಡಾಕ್ಟರಮ್ಮ ಓಡಿ ಬಂದು ಬೆರಳು ತುಟಿಗಿಟ್ಟರು. ನೀವು ಅದನ್ನು ನಮಸ್ಕಾರ ಎಂದುಕೊಂಡು ತಲೆಯಾಡಿಸಿ, ನನ್ನ ಹೋಟೆಲ್ ಚಾದರವನ್ನು ಎರಡೂ ಕೈಯಿಂದ ಸರ್ರನೆ ಸರಿಸಿದಿರಿ.

ಎಲ್ಲವೂ ಎದ್ದು ನಿಂತವು. ಒಂದೂ ಬಿಡದೆ. ನಿಮ್ಮ ಕಚೇರಿಯಲ್ಲಿ ನೀವು ಒಳಗೆ ಬಂದಾಗಲೂ ಇಷ್ಟು ಚೊಕ್ಕವಾಗಿ ಯಾರೂ ಎದ್ದು ನಿಲ್ಲಲಿಕ್ಕಿಲ್ಲ.

“ಅರೆ, ಎಷ್ಟು ಚುರುಕಾಗಿವೆ ನೋಡ್ರಿ,” ಎಂದಿರಿ. “ಇವುಕ್ಕೆ ಏನೂ ಆಗಿಲ್ಲ. ಇನ್ನೂ ಯಾಕೆ ಇಟ್ಕೊಂಡಿದ್ದೀರಿ?”

“ಸರ್, ಅವು ನಿಮ್ಮನ್ನ ನೋಡಿ ಹೆದರಿವೆ,” ಎಂದರು ಡಾಕ್ಟರಮ್ಮ, ಗಾಳಿಯಷ್ಟೇ ಸಣ್ಣ ದನಿಯಲ್ಲಿ.

“ಹೆದರೋದು ಯಾಕೆ? ನಾನೇನು ಅವನ್ನ ತಿಂತೀನಾ?”

“ಅವು ಹಾಗೇ ಅಂದ್ಕೊಂಡಿವೆ ಸರ್.”

ನಿಮ್ಮ ಸಹಾಯಕರು ನಗು ತಡೆಯಲಾರದೆ ಕೆಮ್ಮಿದರು. ಆ ಕೆಮ್ಮಿಗೆ ಹಕ್ಕಿಗಳು ಇನ್ನಷ್ಟು ನೆಟ್ಟಗಾದವು. ಕ್ಯಾಮೆರಾದವರು ಚಕಚಕ ಬೆಳಕು ಹೊಡೆದರು. ಮುಂದಿನ ಸಾಲಿನಲ್ಲಿ ಬೂದು ರೆಕ್ಕೆಯ ಒಂದು ಕಡಲಹಕ್ಕಿ ಇತ್ತು, ಎಲ್ಲಕ್ಕಿಂತ ಎತ್ತರಕ್ಕೆ ಕತ್ತು ಚಾಚಿ ನಿಂತಿದ್ದು ಅದೇ. “ಇದನ್ನ ನೋಡಿ, ಸೈನಿಕನ ಥರ ನಿಂತಿದೆ,” ಎಂದು ಅದರ ಪಕ್ಕದಲ್ಲಿ ಬಗ್ಗಿ ಫೋಟೋ ತೆಗೆಸಿಕೊಂಡಿರಿ. ಮರುದಿನ ಪತ್ರಿಕೆಯಲ್ಲಿ ಬಂದಿದ್ದು ಆ ಚಿತ್ರವೇ. ನೀವು ಹೋದ ಮೇಲೆ ನಾನು ಪರದೆ ಮುಚ್ಚಿ ಕಿಂಡಿಗೆ ಕಣ್ಣಿಟ್ಟೆ. ಒಂದೊಂದಾಗಿ ಇಳಿದವು, ಗಾಳಿ ಬಿಟ್ಟ ಚೀಲಗಳ ಹಾಗೆ. ಸೈನಿಕ ಎಲ್ಲಕ್ಕಿಂತ ಕೊನೆಗೆ ಕುಳಿತಿತು, ಕೊಕ್ಕನ್ನು ನೆಲಕ್ಕೆ ಊರಿಕೊಂಡಿತು. ಅದು ಮತ್ತೆ ಏಳಲಿಲ್ಲ. ಸಂಜೆಗೆ ಡಾಕ್ಟರಮ್ಮ ಅದನ್ನು ಟವೆಲ್ಲಿನಲ್ಲಿ ಸುತ್ತಿ ಹೊರಗೆ ತೆಗೆದುಕೊಂಡು ಹೋದರು. ಪತ್ರಿಕೆಯ ಚಿತ್ರದ ಕೆಳಗೆ ‘ಚೇತರಿಸಿಕೊಂಡ ಹಕ್ಕಿಯೊಂದಿಗೆ ನಿರ್ದೇಶಕರು’ ಎಂದಿತ್ತು.

ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಬೇಕು. ಇದನ್ನು ಬರೆಯಬೇಡಿ ಎಂದು ನಾದಿನಿ ಹೇಳಿದಳು. “ಭಾವ, ಅಕ್ಕನ್ನ ಹಕ್ಕಿಗೆ ಹೋಲಿಸ್ತೀರಾ? ಅವಳು ಇದ್ದಿದ್ರೆ ಸೌಟು ತಗೊಂಡು ಬರ್ತಿದ್ಲು,” ಎಂದಳು. ನಿಜ, ಬರುತ್ತಿದ್ದಳು. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಒಂದು ಹಿಂಡು ಹಕ್ಕಿಗಾಗಿ ಲಾಂಡ್ರಿಯವನೊಬ್ಬ ಯಾಕಿಷ್ಟು ಹಾರಾಡುತ್ತಾನೆ ಎಂದು ನಿಮಗೆ ತಿಳಿಯುವುದಿಲ್ಲ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವಳಿಗೆ ಲೋಟ ಎತ್ತುವ ಶಕ್ತಿಯೂ ಇರಲಿಲ್ಲ. ಆಗ ನಮ್ಮ ಲಾಂಡ್ರಿ ಮಾಲೀಕರ ಸಂಘದ ಅಧ್ಯಕ್ಷರು ನೋಡಲು ಬಂದರು. ಹಣ್ಣಿನ ಬುಟ್ಟಿ, ಸಂಘದ ಪದಾಧಿಕಾರಿಗಳು, ಸಂಘದ ಪತ್ರಿಕೆಗೆಂದು ಒಬ್ಬ ಫೋಟೋದವನು. ಬಾಗಿಲಲ್ಲಿ ಅವರ ತಲೆ ಕಂಡ ಕೂಡಲೇ ಇವಳು ಮೊಣಕೈ ಊರಿ ಎದ್ದಳು. ನಾನು ಹಿಡಿಯಲು ಹೋದರೆ ಕೈ ತಳ್ಳಿದಳು. ಕೂದಲು ಸರಿಮಾಡಿಕೊಂಡಳು. “ಬನ್ನಿ ಅಣ್ಣ, ಕೂತ್ಕೊಳ್ಳಿ. ನಂಗೇನಾಗಿದೆ? ನೀವೇ ಇಳಿದು ಹೋಗಿದ್ದೀರಿ, ಮನೇಲಿ ಊಟ ಹಾಕಲ್ವಾ?” ಎಂದು ತಮಾಷೆ ಬೇರೆ. ಎಲ್ಲರೂ ನಕ್ಕರು, ಫೋಟೋ ಆಯಿತು, ಹಣ್ಣಿನ ಬುಟ್ಟಿಯನ್ನು ಎರಡು ಸಲ ಕೊಟ್ಟರು, ಮೊದಲ ಸಲ ಸರಿಯಾಗಿ ಬರಲಿಲ್ಲವಂತೆ. ಹೊರಗಿನ ವರಾಂಡದಲ್ಲಿ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, “ಏನ್ರೀ, ಸುಮ್ನೆ ಹೆದರಿಸಿಬಿಟ್ರಿ. ಅತ್ತಿಗೆ ಆರಾಮಾಗಿದ್ದಾರೆ. ಮನೆಗೆ ಕರ್ಕೊಂಡು ಹೋಗಿ,” ಎಂದರು. ನಾನು ಒಳಗೆ ಬಂದೆ. ಅವಳು ಇನ್ನೂ ಹಾಗೇ ಕೂತಿದ್ದಳು, ನೆಟ್ಟಗೆ. ಹಣೆಯಲ್ಲಿ ಬೆವರು.

“ಬಾಗಿಲು ಹಾಕಿದ್ರಾ?” ಎಂದಳು.

“ಹಾಕಿದೆ.”

“ಇನ್ನು ಮಲ್ಕೋಬಹುದಾ?”

ಅಷ್ಟೇ. ಇದರಿಂದ ನೀತಿ ಗೀತಿ ತೆಗೆಯುವುದಿಲ್ಲ. ಅಧ್ಯಕ್ಷರು ಕೆಟ್ಟವರಲ್ಲ, ನೀವೂ ಕೆಟ್ಟವರಲ್ಲ ಎಂದು ನಂಬಲು ಸಿದ್ಧನಿದ್ದೇನೆ. ದೊಡ್ಡವರು ನೋಡಲು ಬಂದಾಗ ಎದ್ದು ಕೂರುವವರನ್ನು ಕಂಡು, ಅವರು ಚೆನ್ನಾಗಿದ್ದಾರೆ ಎಂದು ತಿಳಿದುಕೊಳ್ಳುವ ಒಂದು ಕಾಯಿಲೆ ದೊಡ್ಡವರಿಗೆ ಇರುತ್ತದೆ. ಆ ಕಾಯಿಲೆಗೆ ಮದ್ದಾಗಿ ಡಾಕ್ಟರಮ್ಮ ಒಂದು ಕಿಂಡಿ ಕತ್ತರಿಸಿದ್ದರು. ನೀವು ಅದರತ್ತ ತಿರುಗಿಯೂ ನೋಡಲಿಲ್ಲ.

ಭೇಟಿಯ ಮರುದಿನವೇ ನಿಮ್ಮ ಆದೇಶ ಬಂತು. ಹಕ್ಕಿಗಳು ಪೂರ್ಣ ಗುಣಮುಖವಾಗಿರುವುದು ಖುದ್ದು ಪರಿಶೀಲನೆಯಿಂದ ಖಚಿತಪಟ್ಟಿರುವುದರಿಂದ ಭಾನುವಾರ ಸಾರ್ವಜನಿಕ ಸಮಾರಂಭದಲ್ಲಿ ಬಿಡುಗಡೆ ಮಾಡಲಾಗುವುದು. ಡಾಕ್ಟರಮ್ಮನ ಸೇವೆ ಅಂದಿಗೇ ಮುಕ್ತಾಯ. ಖುದ್ದು ಪರಿಶೀಲನೆ. ನೀವು ಆ ಕೋಣೆಯಲ್ಲಿ ಇದ್ದದ್ದು ಎರಡು ಫೋಟೋಗಳಷ್ಟು ಹೊತ್ತು.

ನಿಜವಾದ ಪರಿಶೀಲನೆ ಹೇಗೆ ಎಂದು ಹೇಳುತ್ತೇನೆ, ದೊಡ್ಡ ವಿದ್ಯೆಯೇನಲ್ಲ. ತೊಳೆದು ಒಣಗಿಸಿದ ಹಕ್ಕಿಯನ್ನು ಕೊಳಕ್ಕೆ ಬಿಡುತ್ತೇವೆ. ಗರಿಗಳು ಸರಿಯಾಗಿ ಹೆಣೆದುಕೊಂಡಿದ್ದರೆ ನೀರು ಬೆನ್ನಿನ ಮೇಲೆ ಮಣಿಗಳಾಗಿ ನಿಂತು ಉರುಳಿಹೋಗುತ್ತದೆ, ಒಳಗಿನ ಚರ್ಮ ಒಣಗಿರುತ್ತದೆ, ಹಕ್ಕಿ ಎತ್ತರಕ್ಕೆ ತೇಲುತ್ತದೆ. ಹೆಣೆದುಕೊಳ್ಳದಿದ್ದರೆ ಮೊದಲು ಚೆನ್ನಾಗಿಯೇ ತೇಲುತ್ತದೆ. ಆಮೇಲೆ ಮೆಲ್ಲಗೆ ಹಿಂಭಾಗ ಭಾರವಾಗುತ್ತದೆ, ನೀರು ಎದೆಯ ತನಕ ಬರುತ್ತದೆ, ನಡುಕ ಶುರುವಾಗುತ್ತದೆ, ಅಂಚಿಗೆ ಬಂದು ನಗುವ ಡಾಲ್ಫಿನ್ನುಗಳ ಮೇಲೆ ಹತ್ತಲು ಪರದಾಡುತ್ತದೆ. ಈಗ ಇರುವವುಗಳಲ್ಲಿ ಹೆಚ್ಚಿನವು ಹೀಗೆಯೇ. ಕೊಳವಾದರೆ ನಾವು ಎತ್ತಿಕೊಳ್ಳುತ್ತೇವೆ. ಕಡಲಿನಲ್ಲಿ ಯಾವ ಅಂಚಿಗೆ ಬರುತ್ತವೆ? ನಿಮ್ಮ ಚಪ್ಪಾಳೆ ಮುಗಿಯುವ ತನಕ ಅವು ತೇಲುತ್ತವೆ, ಅದರಲ್ಲಿ ಅನುಮಾನವಿಲ್ಲ. ವಂದನಾರ್ಪಣೆ ಮುಗಿಯುವ ತನಕವೂ ತೇಲಬಹುದು, ಅದು ಎಷ್ಟು ಉದ್ದ ಎನ್ನುವುದರ ಮೇಲೆ ಹೋಗುತ್ತದೆ. ನೀವೆಲ್ಲ ಕಾರು ಹತ್ತಿದ ಮೇಲೆ ಮುಳುಗುತ್ತವೆ. ಆಗ ನೋಡುವವರು ಇರುವುದಿಲ್ಲ, ಆದ್ದರಿಂದ ಅವು ಸುಳ್ಳು ಹೇಳಬೇಕಾಗಿಯೂ ಇರುವುದಿಲ್ಲ.

ಇದನ್ನೆಲ್ಲ ನಿಮ್ಮ ಸಹಾಯಕರಿಗೆ ಫೋನಿನಲ್ಲಿ ಹೇಳಿದೆ. ಒಳ್ಳೆಯ ಹುಡುಗ, ಕೇಳಿಸಿಕೊಂಡ.

“ಅಂಕಲ್, ಶಾಮಿಯಾನ ಹೇಳಿಯಾಗಿದೆ,” ಎಂದ.

“ಹಕ್ಕಿಗಳಿಗೆ ಹೇಳಿಲ್ಲವಲ್ಲಪ್ಪ.”

“ಸಾಹೇಬ್ರು ಖುದ್ದು ನೋಡಿದ್ದಾರಲ್ಲ ಅಂಕಲ್. ನಿಂತಿದ್ವಂತೆ.”

“ನಾನೂ ನಿಂತಿದ್ದೀನಿ. ನನ್ನನ್ನೂ ಸಮುದ್ರಕ್ಕೆ ಬಿಡ್ತೀರಾ?”

“ನಿಮಗೆ ಲಾಂಡ್ರಿ ಇದೆಯಲ್ಲ ಅಂಕಲ್, ಅದನ್ನ ನೋಡ್ಕೊಳ್ಳಿ,” ಎಂದು ಮೆತ್ತಗೆ ಇಟ್ಟ.

ಡಾಕ್ಟರಮ್ಮ ಈ ಪತ್ರ ಬರೆಯಲಾರರು. ಕಚೇರಿಯ ವಿರುದ್ಧ ಬಾಯಿ ಬಿಟ್ಟರೆ ಅವರಿಗೆ ಮುಂದೆ ಯಾವ ತೀರದಲ್ಲೂ ಕೆಲಸ ಸಿಗದ ಹಾಗೆ ಗುತ್ತಿಗೆಯ ಷರತ್ತುಗಳನ್ನು ಹೆಣೆದಿದ್ದೀರಿ. ಹಕ್ಕಿಯ ಗರಿ ಹೀಗೆ ಹೆಣೆದುಕೊಂಡಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ನನಗೆ ಯಾವ ಷರತ್ತೂ ಇಲ್ಲ. ಆದ್ದರಿಂದ ಕೇಳುತ್ತೇನೆ, ನೇರವಾಗಿ. ಭಾನುವಾರದ ಸಮಾರಂಭವನ್ನು ಕೈಬಿಡಿ. ಕೊನೆಯ ಹಕ್ಕಿ ಹೋಗುವ ತನಕ ಡಾಕ್ಟರಮ್ಮನನ್ನು ಉಳಿಸಿಕೊಳ್ಳಿ, ಯಾವುದನ್ನು ಯಾವತ್ತು ಬಿಡಬೇಕೆಂದು ಅವರು ಹೇಳಲಿ, ನೀವಲ್ಲ, ನಾನೂ ಅಲ್ಲ. ಅದಾದ ಮೇಲೆ ಅವರು ಕೇಳಿದ್ದ ಆ ಒಂದು ವಾರವನ್ನು ಅವರಿಗೆ ಕೊಡಿ. ನೀರು ಚೆಲ್ಲಿದರೆ ಯಾರೂ ಕೂಗಾಡದ ಜಾಗದಲ್ಲಿ ಕೊಡಿ, ಪ್ರತಿ ವರ್ಷ ಕೊಡಿ, ಭಾಷಣವಿಲ್ಲದೆ ಕೊಡಿ. ಕರೆಯುವಾಗ ತೊಳೆಯುವವರನ್ನೇ ಕರೆಯಬೇಡಿ. ತಾಳ್ಮೆಯಿಂದ ಕಾಯಬಲ್ಲವರನ್ನು ಕರೆಯಿರಿ: ದಾದಿಯರನ್ನು, ಮೀನುಗಾರರನ್ನು, ಮಗುವನ್ನು ಮಲಗಿಸಿ ಸದ್ದಿಲ್ಲದೆ ಕೋಣೆಯಿಂದ ಹೊರಬರಲು ಗೊತ್ತಿರುವ ಯಾರನ್ನಾದರೂ. ಮುಂದಿನ ಹಡಗು ನಿಮ್ಮ ಸಭಾಂಗಣ ಖಾಲಿಯಿದೆಯೇ ಎಂದು ವಿಚಾರಿಸಿಕೊಂಡು ಬರುವುದಿಲ್ಲ.

ಹಕ್ಕಿಗಳು ಸಿದ್ಧವಾದ ದಿನ ಬಿಡುಗಡೆ ಹೇಗಿರುತ್ತದೆ ಎಂದೂ ಕೇಳಿದ್ದೇನೆ. ನೀರಿನಂಚಿಗೆ ಪೆಟ್ಟಿಗೆ ಒಯ್ದು, ಮುಚ್ಚಳ ತೆಗೆದು, ಹಿಂದೆ ಸರಿದು ನಿಲ್ಲುವುದು. ಅಷ್ಟೇ. ಅದು ತಿರುಗಿ ನೋಡುವುದಿಲ್ಲವಂತೆ, ನೋಡಿದರೆ ನಾವು ಏನೋ ತಪ್ಪು ಮಾಡಿದ್ದೇವೆ ಎಂದರ್ಥವಂತೆ. ಇಂಥ ಕೃತಘ್ನ ಕಾರ್ಯಕ್ರಮಕ್ಕೆ ನಿಮ್ಮಂಥವರನ್ನು ಮುಖ್ಯ ಅತಿಥಿಯಾಗಿ ಕರೆಯಲು ನಮಗೇ ಸಂಕೋಚ.

ಒಂದು ವೇಳೆ ಭಾನುವಾರವೇ ಆಗಬೇಕೆಂದು ನೀವು ಹಟ ಹಿಡಿದರೆ, ತಿಳಿದಿರಲಿ. ಗೋದಾಮು ಇಲಾಖೆಯದು, ಅದನ್ನು ಒಪ್ಪುತ್ತೇನೆ. ಬೀಗ ನನ್ನ ಲಾಂಡ್ರಿಯದು. ಕೀಲಿಕೈ ನನ್ನ ಜೇಬಿನಲ್ಲಿದೆ, ನಾನು ಬಾಗಿಲ ಎದುರಿಗೆ ಕೂತಿರುತ್ತೇನೆ, ಪಕ್ಕದಲ್ಲಿ ನೊರೆಯಣ್ಣ, ಅವನ ಪಕ್ಕದಲ್ಲಿ ನನ್ನ ನಾದಿನಿ. ಅವಳು ಹೊರಗೆ ಕೂತಾಗ ಅವಳಿಗೆ ಮಾತಿನ ನಿಷೇಧವಿಲ್ಲ ಎಂಬುದನ್ನು ನಿಮ್ಮ ಹಿತದೃಷ್ಟಿಯಿಂದಲೇ ತಿಳಿಸುತ್ತಿದ್ದೇನೆ. ನಮ್ಮನ್ನು ಎಬ್ಬಿಸಿ ಬೀಗ ಒಡೆಸುವ ಅಧಿಕಾರ ನಿಮಗಿದೆ. ಒಡೆಸಿ. ಒಡೆಯುವಾಗ ದೊಡ್ಡ ಸದ್ದಾಗುತ್ತದೆ. ಆ ಸದ್ದಿಗೆ ಒಳಗಿರುವ ಹಕ್ಕಿಗಳೆಲ್ಲ ಕತ್ತಲಲ್ಲಿ ಎದ್ದು ನಿಲ್ಲುತ್ತವೆ, ಕತ್ತು ನೆಟ್ಟಗೆ, ಕಣ್ಣು ಅರಳಿಸಿ, ಒಂದೂ ಕುಗ್ಗದೆ. ನೋಡಲು ಬಹಳ ಆರೋಗ್ಯವಾಗಿ ಕಾಣುತ್ತವೆ. ಫೋಟೋದವನನ್ನು ಮರೆಯದೆ ಕರೆತನ್ನಿ.

ಇಂತಿ,
ಈ ವಾರ ಯಾರ ಬಟ್ಟೆಯನ್ನೂ ಹೇಳಿದ ಹೊತ್ತಿಗೆ ಕೊಡಲಾಗದೆ ಗಿರಾಕಿಗಳಿಂದ ಬೈಸಿಕೊಳ್ಳುತ್ತಿರುವ,
ಸದ್ಯ ಬಂದರಿನ ಗೋದಾಮಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡಿರುವ
ಲಾಂಡ್ರಿಯವನು